ಒಡೆದ ಹಡಗು, ಕುಯ್ದ ಕೋವಿ

ಕೊಳ್ಳೇಗಾಲದವನು ಅಂದರೆ ಸಾಕು, "ಮಾಟ ಗೊತ್ತಾ?" ಎಂದು ಕೇಳುವ ದಡ್ಡರಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಿಗೆ ಸವೆದಿದೆ. ಪವಾಡ ಎಂದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಈಗ ಹೇಳುವುದನ್ನು ನೀವು ನಂಬಬೇಕಾಗಿಲ್ಲ. ನಾನೇ ಪೂರ್ತಿ ನಂಬಿಲ್ಲ.

ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಮೊದಲ ಮಹಾಯುದ್ಧ ಮುಗಿದ ಮೇಲೆ ದೊಡ್ಡ ದೇಶಗಳು ಒಟ್ಟಿಗೆ ಕೂತು, ಯುದ್ಧನೌಕೆ ಕಡಿಮೆ ಮಾಡೋಣವೆಂದು ಸಹಿ ಹಾಕಿದ ಪಾಠ ಬಂದರೆ ನನಗೆ ನಗು ಬರುತ್ತಿತ್ತು. ಒಡೆದು ಗುಜರಿಗೆ ಹಾಕಿದ್ದರಲ್ಲಿ ಬಹುಪಾಲು ಹೇಗೂ ಮುದಿಯಾದ ಹಡಗುಗಳು. ಹಾಲು ಬತ್ತಿದ ಎಮ್ಮೆಯನ್ನು ದಾನ ಕೊಟ್ಟು ಪುಣ್ಯ ಕೇಳಿದ ಹಾಗೆ! ಇಪ್ಪತ್ತು ವರ್ಷ ತುಂಬುವುದರೊಳಗೆ ಮತ್ತೆ ಬಡಿದಾಡಿದರು. ಥೂ, ಇವರ ಸಹಿಗಿಷ್ಟು!

ಕೆಲವು ವರ್ಷಗಳ ಹಿಂದೆ ನಮ್ಮ ಹುಟ್ಟೂರು ರಾಮಾಪುರದಲ್ಲಿ ನನ್ನ ಅಣ್ಣನಿಗೂ ನಮ್ಮ ಚಿಕ್ಕಪ್ಪನ ಮಗ ಮಾದೇವನಿಗೂ ಬದುವಿನ ಜಗಳ ಕೈಮೀರಿತು. ಕಾಡಂಚಿನ ಊರು, ಹಂದಿ ಬೆದರಿಸಲು ಎರಡೂ ಮನೆಯಲ್ಲಿ ಕೋವಿ. ನಾನು ದೊಡ್ಡ ಪಂಡಿತನಂತೆ ನಡುವೆ ಕೂತು ಹಡಗಿನ ಕಥೆ ಹೇಳಿ, ಇಬ್ಬರೂ ಕೋವಿ ಕೊಡಿ, ಹನೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕುಯ್ಯಿಸುತ್ತೇನೆ ಎಂದೆ. ಮಾದೇವನಿಗಿದ್ದದ್ದು ಒಂದೇ ಕೋವಿ. ಮರುಮಾತಿಲ್ಲದೆ ತಂದುಕೊಟ್ಟ. ಅಣ್ಣ ನನ್ನನ್ನು ಒಳಗೆ ಕರೆದ.

"ತಾತಂದು ಕುಯ್ಸು ಕಣ್ಲಾ. ಅದು ಕೆಟ್ಟು ಯಾವ್ ಕಾಲಾಯ್ತು. ಒಸದು ಅಟ್ಟದ್ ಮ್ಯಾಲೆ ಇರ್ಲಿ. ಯಾರ್ಗೂ ಏಳ್ಬ್ಯಾಡ."

ನಾನು ಹೇಳಲಿಲ್ಲ. ದೇಶದೇಶಗಳನ್ನೇ ಉಗಿಯುವವನು, ಒಡಹುಟ್ಟಿದವನೆಂದು ಬಾಯಿ ಹೊಲಿದುಕೊಂಡೆ.

ತಾತ ತಾನು ಹೊಡೆದ ಹಂದಿಗೊಂದರಂತೆ ಆ ಕೋವಿಯ ನಳಿಗೆಯ ಮೇಲೆ ಏಳು ಗೆರೆ ಕೊರೆದಿದ್ದ. ಕುಯ್ಯುವ ಮುನ್ನ ಅವುಗಳ ಮೇಲೆ ಬೆರಳಾಡಿಸಿದ್ದೆ. ನನ್ನ ಕಣ್ಣೆದುರೇ ಮೂರು ತುಂಡಾಯಿತು. ಎರಡೂ ಕೋವಿಗಳ ತುಂಡುಗಳನ್ನು ಚೀಲಕ್ಕೆ ತುಂಬಿ, ಕೊಳ್ಳೇಗಾಲದ ನನ್ನ ಮನೆಗೆ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ತಿಂಗಳು ಕಳೆದಿರಲಿಲ್ಲ. ಒಂದು ಭಾನುವಾರ ನಾನೂ ಊರಿನಲ್ಲಿದ್ದೆ. ಹಾಡಹಗಲೇ ಬದುವಿನ ಮೇಲೆ ಮಾತಿಗೆ ಮಾತು ಬೆಳೆದು, ಅಣ್ಣ ಮನೆಗೆ ಓಡಿ ಕೋವಿ ತಂದು ಮಾದೇವನ ಎದೆಗೆ ಗುರಿಯಿಟ್ಟ. ಮಾದೇವ ಅಣ್ಣನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದ.

"ನಂದ ಕುಯ್ಸ್‌ಬುಟ್ಟು ನಿಮ್ದ ಮಡೀಕಂಡ್ರಾ, ಮೇಷ್ಟ್ರಣ್ಣ?"

ಅಣ್ಣ ಟ್ರಿಗರ್ ಒತ್ತಿದ. ಟಕ್ ಎಂದಿತು, ಅಷ್ಟೇ. ಮತ್ತೆ ಒತ್ತಿದ. ನಾನು ಮೇಲೆ ಬಿದ್ದು ಕಿತ್ತುಕೊಂಡೆ. ನಳಿಗೆಯ ಮೇಲೆ ಬೆರಳಿಗೆ ಗೆರೆಗಳು ಸಿಕ್ಕವು. ಎಣಿಸಿದೆ. ಏಳು.

"ಅಟ್ಟದಿಂದ ಒಸದೇ ಇಳಿಸ್ದೆ ಕಣ್ಲಾ! ಮದ್ದು ತುಂಬೇ ಮಡಗಿದ್ದೆ!" ಎನ್ನುತ್ತ ಅಣ್ಣ ಕುಸಿದು ಕೂತು ಅತ್ತ.

ಅಂದೇ ಕೊಳ್ಳೇಗಾಲಕ್ಕೆ ಬಂದು ಬೀರು ತೆಗೆದು ಚೀಲ ಸುರಿದೆ. ಮಾದೇವನ ಕೋವಿಯ ತುಂಡುಗಳಿದ್ದವು. ಇನ್ನೊಂದರ ಮೂರು ತುಂಡನ್ನು ಜೋಡಿಸಿದರೆ ನುಣ್ಣನೆಯ ಹೊಸ ನಳಿಗೆ. ಒಂದು ಗೆರೆಯೂ ಇಲ್ಲ.

ಯಾರೋ ಬದಲಿಸಿದರೆನ್ನೋಣವೆಂದರೆ ಬೀರುವಿನ ಬೀಗದಕೈ ನನ್ನ ಜೇಬಿನಲ್ಲೇ ಇತ್ತು. ಮಾಟ ಎನ್ನಲು ಈಗಲೂ ನಾಚಿಕೆ. ಹಡಗಿನ ಪಾಠ ಬಂದರೆ ನಾನೀಗ ನಗುವುದಿಲ್ಲ. ಮಕ್ಕಳ ಕೈಲಿ ಓದಿಸಿ ಸುಮ್ಮನಾಗುತ್ತೇನೆ. ಬದು ಅಲ್ಲೇ ಇದೆ. ಎದುರು ಸಿಕ್ಕರೆ ಮಾದೇವ ಅಣ್ಣನನ್ನು ಮಾತಾಡಿಸುತ್ತಾನೆ. ನನ್ನನ್ನು ಇವತ್ತಿಗೂ ಮಾತಾಡಿಸುವುದಿಲ್ಲ.