ಬೂದು ಟೇಪಿನ ಬುಧವಾರ

ನಮ್ಮ ಡೆವೆಂಟರ್ ಊರಿನಲ್ಲಿ ಸೈಕಲ್ ರಿಪೇರಿ ಬಲ್ಲವರಿಗೆ ಬರವಿಲ್ಲ. ಆದರೆ ತಯಾರಿಸಿದ ಕಂಪನಿಯೇ ಮುಚ್ಚಿಹೋಗಿ, ಬಿಡಿಭಾಗ ಸಿಗದೆ, ಅಂಗಡಿಯವರೆಲ್ಲ ಇದು ಗುಜರಿಗೇ ಸರಿ ಎಂದು ಕೈಚೆಲ್ಲಿದ ವಿದ್ಯುತ್ ಸೈಕಲ್ಲನ್ನು ಮತ್ತೆ ರಸ್ತೆಗಿಳಿಸುವ ವಿದ್ಯೆಯಲ್ಲಿ ಶ್ರೀಮತಿ ವಿಲ್ಲೆಮೀನ್ ಓಲ್ಡೆನ್‌ಕಾಂಪ್ ಅವರಿಗೆ ಸರಿಸಾಟಿಯಾದವರನ್ನು ಐಸಲ್ ನದಿಯ ಈ ದಡದಲ್ಲಾಗಲಿ ಆ ದಡದಲ್ಲಾಗಲಿ ನಾವು ಕಂಡಿಲ್ಲ. ಮೂವತ್ತೊಂದು ವರ್ಷ ನಮ್ಮ ಸೈಕಲ್ ದುರಸ್ತಿ ಶಾಲೆಯಲ್ಲಿ ಕಲಿಸಿ, ಈಗ ಅರವತ್ತೇಳರಲ್ಲಿ ನಿವೃತ್ತರಾಗಿರುವ ಅವರಿಗೆ ಹೊಗಳಿದರೆ ಸಿಟ್ಟು ಬರುತ್ತದೆ. ಬರಲಿ. ಈ ಒಂದು ಅಭಿನಂದನಾ ಸಂಪುಟದ ಮಟ್ಟಿಗೆ ಅವರು ಸಹಿಸಿಕೊಳ್ಳಬೇಕು.

ಚೈನು, ಬ್ರೇಕುಗಳ ಕಾಲದಲ್ಲಿ ಸೇವೆಗೆ ಸೇರಿದ ಅವರು, ಚಕ್ರದ ನಡುವಿನ ಗುಂಬದೊಳಗೆ ಮೋಟಾರು ಬಂದು ಕೂತಾಗ ತಮ್ಮ ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾದರು. ಮೋಟಾರಿಗೆ ತಕ್ಕ ಕಂಟ್ರೋಲರನ್ನು ಹೊಂದಿಸುವುದು ಅವರ ಅಚ್ಚುಮೆಚ್ಚಿನ ಪಾಠ. ಕಂಟ್ರೋಲರೆಂದರೆ ಬ್ಯಾಟರಿಯ ಕರೆಂಟನ್ನು ಅಳೆದು ಅಳೆದು ಮೋಟಾರಿಗೆ ಬಡಿಸುವ ಪುಟ್ಟ ಪೆಟ್ಟಿಗೆ. ಅದು ಮಿತಿಮೀರಿ ಬಡಿಸಿದರೆ ಮೋಟಾರು ಸುಡುತ್ತದೆ, ಕಡಿಮೆ ಬಡಿಸಿದರೆ ಎದುರುಗಾಳಿಗೆ ಸೇತುವೆಯ ನಡುವೆಯೇ ನಿಂತುಬಿಡುತ್ತದೆ. ಪೆಟ್ಟಿಗೆ ಹೊಂದಿದ ಮೇಲೂ ತಂತಿಗಳ ಕಾಟ ತಪ್ಪದು. ಕರೆಂಟು ಒಯ್ಯುವ ದಪ್ಪ ತಂತಿ ಮೂರು, ಚಕ್ರ ಎಲ್ಲಿದೆಯೆಂದು ತಿಳಿಸುವ ಸೆನ್ಸರುಗಳ ಸಣ್ಣ ತಂತಿ ಐದು. ಬಣ್ಣಗಳೋ, ತಯಾರಿಸಿದವನ ಮರ್ಜಿ. ಜೋಡಿಸಿದ ಚಕ್ರವನ್ನು ಹತ್ತು ನಿಮಿಷ ತಿರುಗಿಸಿ, ಅದರ ಗುಂಬದ ಮೇಲೆ ವಿಲ್ಲೆಮೀನ್ ಅಂಗೈ ಇಟ್ಟು ತಂಪಾಗಿದೆ ಎಂದ ಹೊರತು ಯಾವ ಸೈಕಲ್ಲೂ ನಮ್ಮ ಬಾಗಿಲು ದಾಟುತ್ತಿರಲಿಲ್ಲ. ಶಾಲೆಯ ನಿರ್ದೇಶಕರ ಸೈಕಲ್ಲಿಗೂ ವಿನಾಯಿತಿ ಇರಲಿಲ್ಲ.

ಹತ್ತು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಬಂದಾಗ ರೂಲೋಫ್ ಟೆರ್‌ಹಾರ್‌ಗೆ ನಲವತ್ಮೂರು ವರ್ಷ. ಹದಿನೇಳರಲ್ಲಿ ಎಲೆಕ್ಟ್ರಿಷಿಯನ್ ಆಗಲು ಹೋಗಿ, ಬಣ್ಣ ಗುರುತಿಸಲಾರದೆ ಕಣ್ಣಿನ ಪರೀಕ್ಷೆಯಿಂದ ವಾಪಸಾದವನು. ಆಮೇಲೆ ಇಪ್ಪತ್ತೈದು ವರ್ಷ ಕಾರ್ಖಾನೆಯೊಂದರಲ್ಲಿ ಬಿಸ್ಕತ್ತಿನ ಡಬ್ಬಗಳಿಗೆ ಮುಚ್ಚಳ ಹಾಕಿದ. ಅದೂ ಮುಚ್ಚಿದಾಗ ಶಾಲೆ ಅವನನ್ನು ಮೂರು ತಿಂಗಳ ಪರೀಕ್ಷಾವಧಿಯ ಮೇಲೆ ಕೆಲಸಕ್ಕೆ ಸೇರಿಸಿಕೊಂಡಿತು. ಕೆಂಪು ಅವನಿಗೆ ಕಪ್ಪಾಗಿ ಕಾಣುತ್ತಿತ್ತು, ಹಳದಿಗೂ ಹಸಿರಿಗೂ ಭೇದವೇ ಇರಲಿಲ್ಲ. ಆಸೆಪಟ್ಟ ಕಸುಬು ಎರಡನೆಯ ಸಲವೂ ಕೈತಪ್ಪೀತೆಂಬ ಹೆದರಿಕೆಗೆ ಇದನ್ನು ಯಾರಲ್ಲೂ ಬಾಯಿಬಿಡದೆ, ಪಕ್ಕದ ಮೇಜಿನವನು ಯಾವ ತಂತಿ ಹಿಡಿದರೆ ತಾನೂ ಅದನ್ನೇ ಹಿಡಿಯುತ್ತಿದ್ದ. ಆ ಪಕ್ಕದವನು ನಾನೇ. ಎಂಥವನನ್ನು ನಂಬಿದ್ದನೆಂಬುದು ಮುಂದೆ ತಿಳಿಯುತ್ತದೆ.

ಒಂದು ಮಂಗಳವಾರ ನಾನು ಹಲ್ಲುನೋವೆಂದು ರಜೆ ಹಾಕಿದ್ದೆ. ಅಂದೇ ರೂಲೋಫನ ಮೇಜಿಗೆ ಬಂದದ್ದು ಬೆರೆಂಡ್ ಲ್ಯಾಮರ್ಸ್ ಎಂಬ ವೃದ್ಧರ ಸೈಕಲ್. ಮುಂದೆ ಗಾಲಿಕುರ್ಚಿ, ಹಿಂದೆ ಪೆಡಲು. ನಡೆಯಲಾರದ ಹೆಂಡತಿಯನ್ನು ಅದರಲ್ಲಿ ಕೂರಿಸಿಕೊಂಡು ಅವರು ಪ್ರತಿ ಗುರುವಾರ ಹೊಳೆಯಾಚೆಯ ಹಾಡಿನ ಕೂಟಕ್ಕೆ ಹೋಗುತ್ತಿದ್ದರು; ವಾರದಲ್ಲಿ ಆಕೆ ಮನೆಯಿಂದ ಹೊರಬರುತ್ತಿದ್ದುದು ಅದೊಂದೇ ಸಲ. ರೂಲೋಫ್ ಸಣ್ಣ ತಂತಿಗಳಲ್ಲಿ ಕೆಂಪು ಕಪ್ಪನ್ನು ಅದಲುಬದಲಾಗಿ ಜೋಡಿಸಿ ಸ್ವಿಚ್ಚು ಒತ್ತಿದ. ಚಕ್ರ ಒಮ್ಮೆ ಕೊಸರಿ ನಿಂತಿತು. ಒಳಗಿನ ಮೂರೂ ಸೆನ್ಸರು ಸುಟ್ಟುಹೋಗಿದ್ದವು.

ವಿಲ್ಲೆಮೀನ್ ಬಂದು ಮೀಟರು ಹಿಡಿದು ನೋಡಿದರು, ಅವನ ಮುಖವನ್ನೂ ನೋಡಿದರು. ಎರಡು ತಂತಿ ಎತ್ತಿ, ಇದರಲ್ಲಿ ಕೆಂಪು ಯಾವುದೆಂದು ಮೆಲ್ಲಗೆ ಕೇಳಿದರು. ಎರಡೂ ಕಪ್ಪಾಗಿಯೇ ಕಾಣುತ್ತವೆಂದು ಅವನು ಒಪ್ಪಿಕೊಂಡ.

"ಮೊದಲೇ ಬಾಯಿಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕೆಲಸ ಹೋಗ್ತಿತ್ತು."

"ನಾಳೆ ಎಂಟೂವರೆಗೆ ಬಾ. ಲೇಟಾಗಿ ಬಂದ್ರೆ ಮಾತ್ರ ಕೆಲಸ ಹೋಗತ್ತೆ."

ಅಂದು ಸಂಜೆ ಅವರು ತಮ್ಮದೇ ಸೈಕಲ್ಲಿನ ಮೋಟಾರು ಚಕ್ರವನ್ನೂ ಕಂಟ್ರೋಲರನ್ನೂ ಬಿಚ್ಚಿ ಬೆರೆಂಡರ ಸೈಕಲ್ಲಿಗೆ ಹಾಕಿಕೊಟ್ಟರು. ಹೊಸ ಸೆನ್ಸರು ಬರುವವರೆಗೆ ಮೂರು ವಾರ, ನವೆಂಬರಿನ ಆ ದರಿದ್ರ ಗಾಳಿಯಲ್ಲಿ, ಮನೆಗೂ ಶಾಲೆಗೂ ನಡೆದೇ ಓಡಾಡಿದರು. ಯಾರಿಗೂ ಹೇಳಲಿಲ್ಲ, ಅವರ ಒದ್ದೆ ಬೂಟು ನೋಡಿ ನಾವೇ ಊಹಿಸಿದೆವು.

ಬುಧವಾರ ಬೆಳಗ್ಗೆ ಬಂದು ನೋಡಿದರೆ, ಹನ್ನೊಂದು ಮೇಜಿನ ಮೇಲಿದ್ದ ಅಷ್ಟೂ ತಂತಿಗಳಿಗೆ ತುದಿಯವರೆಗೆ ಬೂದು ಟೇಪು ಸುತ್ತಿತ್ತು. ಹಳದಿ ಇಲ್ಲ, ಹಸಿರಿಲ್ಲ, ನೀಲಿ ಇಲ್ಲ. ಬಣ್ಣವಿಲ್ಲದೆ ಜೋಡಿಸುವುದು ಹೇಗೆಂದು ನಾವು ಗೊಣಗಿದೆವು.

"ಬಣ್ಣ ಹಾಕಿದೋನು ಯಾವೂರಿನವನೋ, ಅವತ್ತು ಯಾವ ಮೂಡಲ್ಲಿದ್ನೋ. ಅವನನ್ನ ಯಾಕೆ ನಂಬ್ತೀರಿ? ಮೋಟಾರನ್ನೇ ಕೇಳಿ," ಅಂದರು ವಿಲ್ಲೆಮೀನ್.

ನಾನು ಮಹಾ ಜಾಣ. ಅವರು ಅತ್ತ ತಿರುಗಿದಾಗ ಟೇಪಿನ ತುದಿ ಕೆರೆದು, ಮೋಟಾರಿನ ಹಳದಿಗೆ ಕಂಟ್ರೋಲರಿನ ಹಳದಿ, ಹಸಿರಿಗೆ ಹಸಿರು, ನೀಲಿಗೆ ನೀಲಿ ಸೇರಿಸಿದೆ. ಚಕ್ರ ತಿರುಗಿತು. ನಾನು ಕೈಕಟ್ಟಿ ನಿಂತೆ. ವಿಲ್ಲೆಮೀನ್ ಮೀಟರು ತೋರಿಸಿದರು: ಬರಿದೆ ತಿರುಗಲು ಒಂದು ಆಂಪಿಯರ್ ಸಾಕಾಗುವ ಮೋಟಾರು ನಾಲ್ಕೂವರೆ ಕುಡಿಯುತ್ತಿತ್ತು. ನನ್ನ ಅಂಗೈ ಹಿಡಿದು ಗುಂಬದ ಮೇಲಿಟ್ಟರು, ಆಗಲೇ ಬಿಸಿ. ತಪ್ಪು ಜೋಡಣೆಯಲ್ಲೂ ಚಕ್ರ ತಿರುಗೀತು, ಆದರೆ ಬೆರೆಂಡರ ಹೆಂಡತಿಯನ್ನು ಸೇತುವೆಯ ನಡುವೆ ಕೈಬಿಟ್ಟೀತು ಎಂದರು. ಅಂದಿನ ನಾಚಿಕೆ ಇಂದಿಗೂ ನನಗೆ ಹೋಗಿಲ್ಲ.

ರೂಲೋಫ್ ಅವಸರಪಡಲಿಲ್ಲ. ಸಣ್ಣ ತಂತಿಗಳಲ್ಲಿ ಐದು ವೋಲ್ಟು ಯಾವುದರಲ್ಲಿದೆಯೆಂದು ಮೀಟರಿನಿಂದ ಕಂಡುಕೊಂಡು, ಅದಕ್ಕೊಂದು ದಾರದ ಗಂಟು, ಕರೆಂಟು ಹಿಂತಿರುಗುವ ಜೊತೆಯ ತಂತಿಗೆ ಎರಡು ಗಂಟು ಹಾಕಿದ. ಮೂರು ದಪ್ಪ ತಂತಿಗಳನ್ನು ಸೇರಿಸುವ ದಾರಿ ಆರು. ಒಂದೊಂದನ್ನೂ ಒಂದು ಕ್ಷಣವಷ್ಟೇ ನೋಡಿ ಆಂಪಿಯರ್ ಬರೆದುಕೊಂಡ. ಮೋಟಾರು ಗುಡುಗುಡಿಸಿತು, ಕುಲುಕಾಡಿತು, ಒಮ್ಮೆ ನನ್ನದರ ಹಾಗೇ ತಿರುಗಿ ಮೋಸಮಾಡಲು ನೋಡಿತು. ಅವನು ಮೋಸಹೋಗಲಿಲ್ಲ. ಆರನೆಯ ಸಲ ಚಕ್ರ ಸದ್ದಿಲ್ಲದೆ ತಿರುಗಿತು. ಮೀಟರಿನಲ್ಲಿ ಒಂದಕ್ಕೂ ಕಡಿಮೆ. ವಿಲ್ಲೆಮೀನ್ ಅಂಗೈ ಇಟ್ಟು, ತಂಪಾಗಿದೆ ಅಂದರು. ರೂಲೋಫ್ ಕಾಫಿಯ ಕೋಣೆಗೆ ಹೋಗಿ ಅತ್ತುಬಿಟ್ಟ.

ಅಂದಿನಿಂದ ನಮ್ಮಲ್ಲಿ ಎಲ್ಲರೂ ತಂತಿಗೆ ದಾರದ ಗಂಟು ಹಾಕುತ್ತೇವೆ. ರೂಲೋಫ್ ಖಾಯಂ ಆದ. ಆರು ವರ್ಷಗಳಿಂದ ಹೊಸಬರಿಗೆ ಅವನದೇ ಪಾಠ. ಆದರೂ ತಾನು ಜೋಡಿಸಿದ ಪ್ರತಿ ಚಕ್ರದ ಮುಂದೆ ಆ ಅಂಗೈಗಾಗಿ ಉಸಿರು ಹಿಡಿದು ಕಾಯುವುದು ಅವನಿಗೆ ತಪ್ಪಲಿಲ್ಲ.

ಈ ವಸಂತದಲ್ಲಿ ವಿಲ್ಲೆಮೀನ್ ಅವರ ಸ್ವಂತ ಸೈಕಲ್ಲಿನ ಕಂಟ್ರೋಲರು ಕೆಟ್ಟಿತು. ರೂಲೋಫ್ ಹೊಸದನ್ನು ಹೊಂದಿಸಿ, ಕಳೆದ ಶುಕ್ರವಾರ ಬೀಳ್ಕೊಡುಗೆಯ ಕೇಕು ಮುಗಿಯುವ ಹೊತ್ತಿಗೆ ಚಕ್ರವನ್ನು ಹತ್ತು ನಿಮಿಷ ತಿರುಗಿಸಿ ಇಟ್ಟಿದ್ದ. ನಾವೆಲ್ಲ ಸುತ್ತ ನಿಂತೆವು. ವಿಲ್ಲೆಮೀನ್ ಕೋಟು ತೊಟ್ಟರು, ಗ್ಲೌಸು ಹಾಕಿಕೊಂಡರು, ಸೈಕಲ್ಲನ್ನು ಸ್ಟ್ಯಾಂಡಿನಿಂದ ಇಳಿಸಿದರು.

"ಕೈ ಇಟ್ಟು ನೋಡಲ್ವಾ?" ಅಂದ ರೂಲೋಫ್.

"ಯಾಕೆ? ನೀನು ನೋಡಿದೀಯಲ್ಲ."

ಅವರಿಗೆ ಆಯುಸ್ಸು, ಆರೋಗ್ಯ ತುಂಬಿರಲಿ. ಗಾಳಿ ಸದಾ ಬೆನ್ನ ಹಿಂದಿನಿಂದ ಬೀಸಲಿ. ಬೇಸರವಾದ ದಿನ ಬಂದು ಕೆಲಸ ಮಾಡಲು ಕಿಟಕಿಯ ಪಕ್ಕದ ಮೇಜನ್ನು ನಾವು ಖಾಲಿ ಇಟ್ಟಿದ್ದೇವೆ. ಆ ಶುಕ್ರವಾರ ಅವರು ತಿರುಗಿಯೂ ನೋಡದೆ ಸೇತುವೆ ಏರಿ ಆಚೆ ಇಳಿದುಹೋದರು. ರೂಲೋಫ್ ಅಂಗಳದಲ್ಲಿ ನಿಂತು ನೋಡುತ್ತಲೇ ಇದ್ದ.