ದೊಡ್ಡಪ್ಪನ ಸಂಜೆಯ ವಾಕ್ಯಗಳು

ಕಲ್ಲಿನ ಪುಡಿಯ ಮೇಲೆ ನೀರು ಬಿದ್ದರೆ ಏಳುವ ವಾಸನೆಯನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಮೊನ್ನೆ ನಮ್ಮ ಓಣಿಯಲ್ಲಿ ರಸ್ತೆಗೆಂದು ಹಾಸಿದ ಜಲ್ಲಿಗೆ ಟ್ಯಾಂಕರಿನಿಂದ ನೀರು ಬಿಟ್ಟರು. ಕಿಟಕಿ ಮುಚ್ಚಿ ಕುಳಿತರೂ ವಾಸನೆ ಒಳಗೆ ಬಂತು, ಅದರ ಬೆನ್ನಿಗೇ ನಮ್ಮೂರು ತಳಕಲ್ಲಿನ ಮನೆಯೂ ಬಂತು. ಸಾರಿಸಿದ ಪಡಸಾಲೆ, ಮಾಡದಲ್ಲಿ ಎಣ್ಣೆ ದೀಪ, ಒಳಗೆ ದೊಡ್ಡವ್ವ ರೊಟ್ಟಿ ಬಡಿಯುವ ಸಪ್ಪಳ, ಗೋಡೆಗೆ ಒರಗಿ ಕುಳಿತ ದೊಡ್ಡಪ್ಪ. ನಿಮಗೂ ಅಂಥದೊಂದು ಮನೆ ಇದ್ದೀತು. ನಮ್ಮದು ಈಗಿಲ್ಲ, ಆ ಜಾಗದಲ್ಲಿ ಯಾರದೋ ಗೊಬ್ಬರದ ಅಂಗಡಿ ಇದೆ.

ಅಪ್ಪ ಅವ್ವ ಭತ್ತದ ನಾಟಿಗೆಂದು ಗಂಗಾವತಿ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ನಾನೂ ನನ್ನ ತಮ್ಮನೂ ಬೆಳೆದದ್ದು ದೊಡ್ಡಪ್ಪನ ಮನೆಯಲ್ಲೇ. ದೊಡ್ಡಪ್ಪ ಕುಕನೂರಿನ ಒಂದು ಹೈಸ್ಕೂಲಿನಲ್ಲಿ ಜವಾನ. ಒಂದು ಗಂಟೆ ಹೊಡೆದು ಇನ್ನೊಂದು ಹೊಡೆಯುವವರೆಗೆ ಇಂಗ್ಲಿಷ್ ಕ್ಲಾಸಿನ ಕಿಟಕಿಯ ಕೆಳಗೆ ನಿಂತು, ಕೇಳಿಕೇಳಿಯೇ ಇಂಗ್ಲಿಷ್ ಕಲಿತವನು. ಕಲಿತದ್ದನ್ನು ಸಂಜೆ ನಮ್ಮ ಮೇಲೆ ಪ್ರಯೋಗಿಸುತ್ತಿದ್ದ. ದೀಪ ಹಚ್ಚಿದ ಮೇಲೆ ಅವನ ಮಗ ಈರಣ್ಣ, ನಾನು, ತಮ್ಮ ಸಾಲಾಗಿ ಕೂತು, ಅಂದು ಮಾಡಿದ ಒಂದು ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಹೇಳಿದವರಿಗೇ ರೊಟ್ಟಿ. ಮಾತಿನ ತೂಕದಲ್ಲಿ ಮಾತ್ರ ಅವನು ಬಲು ಬಿಗಿ. “ನೀರು ತಂದ್ರ ಕಂಪ್ಲೀಟ್ ಅನ್ರಿ. ಬಿದ್ದು ಎದ್ದು ಮಾಡಿದ್ರ ಮ್ಯಾನೇಜ್. ಅಚೀವ್ ಅಂದ್ರ ಬಾಯಿಗೆ ಬಂದಂಗ ಅನ್ನೂ ಮಾತಲ್ಲ, ಬೆವರು ಸುರಿಸಿದವರಿಗಷ್ಟ ಅದು,” ಅನ್ನುತ್ತಿದ್ದ. ಆ ಮಾತನ್ನು ಈರಣ್ಣನಿಗೆಂದೇ ತೆಗೆದಿಟ್ಟಿದ್ದ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ, ದಿನಾ ಮುಂಜಾನೆ ಕೊಪ್ಪಳದ ಬಸ್ಸು ಹಿಡಿಯುತ್ತಿದ್ದ. ಮಾಡಲಿಕ್ಕೆ ಆಗಲಿಲ್ಲ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ದೊಡ್ಡಪ್ಪ ಕಲಿಸಲಿಲ್ಲ, ನಾವೂ ಕೇಳಲಿಲ್ಲ.

ಆ ವರ್ಷ ಈರಣ್ಣನ ವಾಕ್ಯಗಳು ಇದ್ದಕ್ಕಿದ್ದಂತೆ ಉದ್ದವಾದವು, ಚೆಂದವಾದವು. “ಐ ಹ್ಯಾವ್ ಅಚೀವ್ಡ್ ದಿ ಹೈಯೆಸ್ಟ್ ಮಾರ್ಕ್ಸ್,” ಎಂದು ಅವನು ಹೇಳಿದರೆ ದೊಡ್ಡಪ್ಪ ಸಿಹಿ ಸಜ್ಜಕ ಉಂಡವರ ಹಾಗೆ ಕಣ್ಣು ಮುಚ್ಚುತ್ತಿದ್ದ. ಪಕ್ಕದಲ್ಲಿ ಕೂತ ನನಗೆ ಬೇರೆಯದೇ ಕಾಣುತ್ತಿತ್ತು. ಮುಖ ತೊಳೆದು ಬಂದರೂ ಈರಣ್ಣನ ಕಿವಿಯ ಹಿಂದೆ ಬಿಳಿ ರಾಡಿ, ಮೈಯಿಂದ ತೊಯ್ದ ಕಲ್ಲಿನ ವಾಸನೆ, ಅಂಗೈ ತುಂಬ ಬಿರುಕು. ಒಂದು ದಿನ ಬಚ್ಚಲಲ್ಲಿ ಹಿಡಿದು ಕೇಳಿದೆ. ಮೊದಲು ಬೋರ್ಡಿನ ಧೂಳು ಎಂದ. ಆಮೇಲೆ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದ.

“ಫೇಲಾಗೀನಿ. ಕಾಲೇಜ್ ಬಿಟ್ಟು ಭಾಳ ದಿನ ಆತು. ಗುಡ್ಡದ ಕಡೆ ಕಲ್ಲು ಒಡಿಯೂ ಕ್ರಷರಿಗೆ ಹೋಗಾಕತ್ತೀನಿ. ಅಪ್ಪಗ ಹೇಳಿದಿ ಅಂದ್ರ ಎದಿ ಒಡಕೊಂಡು ಸಾಯ್ತಾನ ನೋಡು.”

ಅಂದು ಸಂಜೆ ದೊಡ್ಡಪ್ಪ ನನಗೆ ಮ್ಯಾನೇಜ್ ಎಂಬ ಮಾತು ಕೊಟ್ಟು ವಾಕ್ಯ ಮಾಡು ಎಂದ. “ಐ ಮ್ಯಾನೇಜ್ಡ್ ಟು ಕೀಪ್ ಎ ಸೀಕ್ರೆಟ್,” ಅಂದೆ. ಹೇಗೋ ಮಾಡಿ ಒಂದು ಗುಟ್ಟು ಕಾಪಾಡಿದೆ ಎಂದು. “ಶಭಾಸ್! ಹುಡುಗಿ ತಲಿ ಛಲೋ ಓಡತೈತಿ,” ಎಂದು ದೊಡ್ಡಪ್ಪ ನಕ್ಕು ಬೆಲ್ಲದ ಚೂರು ಕೊಟ್ಟ. ಈರಣ್ಣ ನಗಲಿಲ್ಲ. ನಾನು ಖುಷಿಯಿಂದ ಬೆಲ್ಲ ಚೀಪಿದೆ. ಅದನ್ನು ಇವತ್ತಿಗೂ ನನಗೆ ಕ್ಷಮಿಸಿಕೊಳ್ಳಲು ಆಗಿಲ್ಲ.

ಆಮೇಲೆ ಮಧ್ಯಾಹ್ನ ಗುಡ್ಡದಲ್ಲಿ ಮದ್ದು ಸಿಡಿದು ಮನೆಯ ಹಿತ್ತಾಳೆ ಪಾತ್ರೆಗಳು ಗುಯ್‌ಗುಡುವಾಗಲೆಲ್ಲ ನಾನು ಆಟ ನಿಲ್ಲಿಸುತ್ತಿದ್ದೆ. ಸಂಜೆ ಈರಣ್ಣನ ಚಪ್ಪಲಿಯ ಸಪ್ಪಳ ಕೇಳುವವರೆಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಹೇಳಿಬಿಡಲೇ ಎಂದು ದಿನಾ ಅನ್ನಿಸುತ್ತಿತ್ತು. ಅವನು ಬಂದ ಕೂಡಲೇ, ನಾಳೆ ನೋಡೋಣ ಎಂದು ಸುಮ್ಮನಾಗುತ್ತಿದ್ದೆ.

ಒಂದು ಸಂಜೆ ಕೊಪ್ಪಳದ ಬಸ್ಸು ಬಂದು ಹೋಯಿತು, ಈರಣ್ಣ ಬರಲಿಲ್ಲ. ನಾವಿಬ್ಬರೂ ವಾಕ್ಯ ಹೇಳಿ ಮುಗಿಸಿ ಅವನ ಸರದಿಗೆ ಕಾಯುತ್ತಿದ್ದೆವು. ಮೈಯೆಲ್ಲ ಬೆಳ್ಳಗಾಗಿದ್ದ ಇಬ್ಬರು ಹೊಸ್ತಿಲಾಚೆ ಬಂದು ನಿಂತರು.

“ಈರಣ್ಣನ ಮನಿ ಇದ ಏನ್ರಿ? ಕ್ರಷರಿನ್ಯಾಗ ಕಲ್ಲು ಜಾರಿ...”

ದೊಡ್ಡಪ್ಪ ಕೂತಲ್ಲಿಂದ ಏಳಲೇ ಇಲ್ಲ. “ನೀವು ಮನಿ ತಪ್ಪಿ ಬಂದೀರಿ,” ಎಂದು ಸಮಾಧಾನವಾಗಿ ಹೇಳಿದ. “ನನ್ನ ಮಗ ಕಾಲೇಜಿನ್ಯಾಗ ಅದಾನ್ರಿ. ನಿನ್ನೀನೂ ಹೈಯೆಸ್ಟ್ ಮಾರ್ಕ್ಸ್ ತಗೊಂಡಾನ. ಆಚೀ ಓಣ್ಯಾಗ ಇನ್ನೊಬ್ಬ ಈರಣ್ಣ ಅದಾನ, ಅಲ್ಲಿ ಕೇಳ್ರಿ.”

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗಿಂದ ಹಿಟ್ಟಿನ ಕೈಯಲ್ಲೇ ಬಂದ ದೊಡ್ಡವ್ವ ಅವರನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ನೋಡಿದವಳೇ ಚೀರಿಕೊಂಡಳು.

ಈರಣ್ಣನನ್ನು ಮಣ್ಣು ಮಾಡಿ ಎಷ್ಟೋ ದಿನಗಳಾದ ಮೇಲೆ ದೊಡ್ಡಪ್ಪ ಮತ್ತೆ ಪಡಸಾಲೆಗೆ ಬಂದು ಕೂತ. ರೂಢಿಯಂತೆ ನಾನೂ ತಮ್ಮನೂ ಎದುರಿಗೆ ಕೂತೆವು. ಅವನು ಇಂಗ್ಲಿಷ್ ಎತ್ತಲಿಲ್ಲ.

“ಈರಣ್ಣಂದು ನಿನಗೇನರ ಗೊತ್ತಿತ್ತೇನವ್ವ?” ಎಂದು ಕೇಳಿದ.

“ಇಲ್ಲ, ದೊಡ್ಡಪ್ಪ.”

“ಗೊತ್ತಿದ್ರ ನೀ ಹೇಳ್ತಿದ್ದಿ ಬಿಡು,” ಎಂದು ನನ್ನ ತಲೆಯ ಮೇಲೆ ಕೈಯಿಟ್ಟ.

ಒಲೆಯ ಮುಂದಿದ್ದ ದೊಡ್ಡವ್ವ ತಿರುಗಿ ಒಮ್ಮೆ ನನ್ನನ್ನು ನೋಡಿದಳು. ತಾನು ಸಾಯುವವರೆಗೂ ಅವಳು ನನ್ನ ಆ ಸುಳ್ಳಿನ ಬಗ್ಗೆ ಗಂಡನೆದುರು ಬಾಯಿ ಬಿಡಲಿಲ್ಲ.