ಹಬೆಯಾಚೆಯ ಕೈ

2023ರ ಚಳಿಗಾಲ. ನಾನು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಕಾಯಿಲೆಯಿಂದ ಎದ್ದವರು ತಮ್ಮ ದಿನದ ಕೆಲಸಕ್ಕೆ ಮರಳಲು ನೆರವಾಗುವುದು ನನ್ನ ಕೆಲಸ. ಶಿಡ್ಲಘಟ್ಟದ ಮುಮ್ತಾಜ್ ಅವರಿಗೆ ಆ ಬೇಸಿಗೆಯಲ್ಲಿ ಸ್ಟ್ರೋಕ್ ಆಗಿತ್ತು. ಪೆಟ್ಟು ಬಿದ್ದದ್ದು ಸೆರೆಬೆಲ್ಲಮ್‌ಗೆ, ಅಂದರೆ ತಲೆಯ ಹಿಂಭಾಗದ ಕಿರುಮೆದುಳಿಗೆ. ನಡಿಗೆಯನ್ನೂ ಕೈಯ ಚಲನೆಯನ್ನೂ ಹದದಲ್ಲಿಡುವ ಭಾಗ ಅದು. ಚಳಿ ಬರುವ ಹೊತ್ತಿಗೆ ಅವರು ತುಂಬಿದ ಲೋಟವನ್ನು ತುಳುಕಿಸದೆ ಎತ್ತುತ್ತಿದ್ದರು. ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಚರಕಕ್ಕೂ ಮರಳಿದರು.

ಆಮೇಲೆ ಅವರ ನಾದಿನಿ ಶಬಾನಾ ಫೋನ್ ಮಾಡಿದರು. "ಭಾಭಿ ಕೈಯೆಲ್ಲ ಸರಿಯಾಗಿದೆ ಮೇಡಂ. ಮನಸ್ಸೇ ಸರಿಯಿಲ್ಲ. ಬೇಕಂತಲೇ ನೂಲು ಹರೀತಾರೆ."

ಹೋಗಿ ನೋಡಿದೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲು ಹಬೆಯಲ್ಲಿ ಕರಗಿ, ಕೋಣೆಯೇ ನೀರೊಳಗೆ ತೇಲುವಂತಿತ್ತು. ಬಿಸಿನೀರಿನ ತೊಟ್ಟಿಯ ಮುಂದೆ ಕೂತ ಶಬಾನಾ ರೇಷ್ಮೆಗೂಡುಗಳಿಂದ ಎಳೆ ಬಿಡಿಸಿಕೊಡುತ್ತಿದ್ದರು. ಎದುರಿಗೆ ಮುಮ್ತಾಜ್ ಚಕ್ರ ತಿರುಗಿಸುತ್ತಿದ್ದರು. ಒಂದು ಎಳೆ ಮುಗಿದರೆ ಶಬಾನಾ ಮಣಿಕಟ್ಟು ತುಸು ಎತ್ತುತ್ತಾರೆ, ಚಕ್ರ ನಿಧಾನಿಸಬೇಕು. ಹೊಸ ಎಳೆ ಕೂಡಿದ ಮೇಲೆ ಮತ್ತೆ ವೇಗ. ಇದರ ನಡುವೆ ಒಂದೂ ಮಾತಿಲ್ಲ. ಬಾಯಿಬಿಟ್ಟು ಹೇಳುವುದು ಕಲಿಯುವವರಿಗೆ ಮಾತ್ರ. ಪಳಗಿದವರಿಗೆ ಹಾಗೆ ಹೇಳಿದರೆ ಆ ಮನೆಯಲ್ಲಿ ಅವಮಾನ.

ಕೈ ಎದ್ದಿತು. ಚಕ್ರ ನಿಧಾನಿಸಲಿಲ್ಲ. ನೂಲು ಹರಿಯಿತು.

"ನೋಡಿದ್ರಾ? ಕಣ್ಣೆದುರೇ ಕೈ ಎತ್ತಿದೆ!" ಎಂದರು ಶಬಾನಾ.

"ನೀನು ಎತ್ತಲೇ ಇಲ್ಲ ಕಣೇ," ಎಂದರು ಮುಮ್ತಾಜ್.

"ಹೌದಪ್ಪ, ನೂಲು ತಾನಾಗೇ ಬೇಜಾರಾಗಿ ಹರ್ಕೊಳ್ತು!"

ಸೋಮವಾರದಿಂದ ಪಕ್ಕದ ಮನೆಯ ಹುಡುಗಿಯನ್ನು ಚಕ್ರಕ್ಕೆ ಕೂರಿಸುವುದೆಂದು ಶಬಾನಾ ಆಗಲೇ ಮಾತಾಡಿಟ್ಟಿದ್ದರು. ಮದುವೆಯಾಗಿ ಬಂದಾಗಿನಿಂದ ಮುಮ್ತಾಜ್ ಕೂತಿದ್ದ ಜಾಗ ಅದು.

ನನಗೊಂದು ಅನುಮಾನ ಬಂತು. ಕತ್ತಲಲ್ಲಿ ಮಿನುಗುವ ರೇಡಿಯಂ ಸ್ಟಿಕರ್ ತರಿಸಿ, ಚಿಕ್ಕ ಚುಕ್ಕಿಗಳಾಗಿ ಕತ್ತರಿಸಿ ಶಬಾನಾ ಅವರ ಬೆರಳು, ಮಣಿಕಟ್ಟು, ಮೊಣಕೈಗಳಿಗೆ ಅಂಟಿಸಿದೆ. ಸಂಜೆ ಕತ್ತಲಾದ ಮೇಲೆ ಬಾಗಿಲು ಮುಚ್ಚಿ, ದೀಪ ಆರಿಸಿ, ಅವರು ಎಳೆ ಕೊಡುವುದನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡೆ. ಪರದೆಯ ಮೇಲೆ ಬರೀ ಬೆಳಕಿನ ಬಿಂದುಗಳು, ಏಳುತ್ತ, ಬೀಳುತ್ತ.

"ಅಯ್ಯೋ, ನನ್ ಕೈನೇ!" ಎಂದು ಶಬಾನಾ ನಕ್ಕರು.

ಮುಮ್ತಾಜ್ ಬಹಳ ಹೊತ್ತು ನೋಡಿದರು. ಮುಖದಲ್ಲಿ ಮಗುವಿನ ಬೆರಗು. "ಮಿಣುಕುಹುಳ. ಎಷ್ಟು ಚೆನ್ನಾಗಿವೆ."

"ಕೈ ಕಾಣಲ್ವಾ ಭಾಭಿ?"

"ಯಾವ ಕೈ?"

ಶಬಾನಾ ಅವರ ನಗು ಅಲ್ಲಿಗೇ ನಿಂತಿತು.

ಕಿರುಮೆದುಳು ನಮ್ಮ ಕೈಯನ್ನು ಆಡಿಸುವುದಷ್ಟೇ ಅಲ್ಲ, ಎದುರಿನವರ ಕೈ ಮುಂದೇನು ಮಾಡಲಿದೆ ಎಂದು ಊಹಿಸಲೂ ನೆರವಾಗುತ್ತದೆ ಎಂದು ವಿವರಿಸಿದೆ. ಅಲ್ಲಿ ಪೆಟ್ಟಾದ ಕೆಲವರಿಗೆ ಕಣ್ಣು ಸರಿಯಿದ್ದರೂ ಇತರರ ಚಲನೆಯ ಅರ್ಥ ಹೊತ್ತಿಗೆ ಸರಿಯಾಗಿ ಹೊಳೆಯುವುದಿಲ್ಲ. "ಕಿವಿಗೆ ತೊಂದರೆಯಿಲ್ಲ. ನಿಧಾನಿಸು ಅಂತ ಬಾಯಲ್ಲಿ ಹೇಳಿದರೆ ಸಾಕು."

"ಹೊಸಬಳಿಗೆ ಹೇಳಿದ ಹಾಗಾ? ಬೇಡ ಮೇಡಂ. ಆ ಹುಡುಗೀನೇ ಕೂರಲಿ." ಮುಮ್ತಾಜ್ ಎದ್ದು ಬಾಗಿಲ ಬಳಿ ಹೋಗಿ ನಿಂತರು.

ಶಬಾನಾ ತೊಟ್ಟಿಯ ಗೂಡುಗಳನ್ನು ಕದಡಿದರು. ಆಮೇಲೆ, "ಭಾಭಿ, ಬಾಯಿ ಮುಚ್ಕೊಂಡು ಕೂತು ನಂಗೂ ಸಾಕಾಗಿದೆ. ನಾನು ಏನಾದ್ರೂ ಮಾತಾಡ್ತಿರ್ತೀನಿ. ಎಳೆ ಮುಗಿದಾಗ ಸುಮ್ಮನಾಗ್ತೀನಿ," ಎಂದರು.

ಮುಮ್ತಾಜ್ ತಿರುಗಿದರು. "ನೀನು ಸುಮ್ಮನಾಗ್ತೀಯಾ? ಈ ಬೀದೀಲಿ ಯಾರಾದ್ರೂ ಅದನ್ನ ನೋಡಿದಾರಾ?"

"ಬನ್ನಿ, ನೋಡೀರಂತೆ."

ಅವರು ಬಂದು ಕೂತರು. ಶಬಾನಾ ಯಾವುದೋ ಮದುವೆಯ ಬಿರಿಯಾನಿಯನ್ನು ಬೈಯಲು ಶುರುಮಾಡಿದರು. ಅನ್ನ ಮುದ್ದೆಯಾಗಿತ್ತಂತೆ, ಉಪ್ಪಿರಲಿಲ್ಲವಂತೆ, ಮದುಮಗನ ಚಿಕ್ಕಮ್ಮ... ಮಾತು ನಿಂತಿತು. ಚಕ್ರ ನಿಧಾನವಾಯಿತು. ಹಬೆಯೊಳಗೆ ಎಳೆಗೆ ಎಳೆ ಕೂಡಿತು.

"ಚಿಕ್ಕಮ್ಮ ಏನಂದ್ಲು, ಹೇಳೇ!" ಎಂದು ಮುಮ್ತಾಜ್ ಗದರಿದರು.

ಅಲ್ಲಿಯವರೆಗೆ ನನ್ನ ವರದಿಗಳಲ್ಲಿ ರೋಗಿಯ ಕೈಗಳಷ್ಟೇ ಇರುತ್ತಿದ್ದವು. ಈಗ ಯಾರನ್ನೇ ಕೆಲಸಕ್ಕೆ ಮರಳಿಸುವ ಮುನ್ನ, ಅವರ ಎದುರಿಗೆ ಕೂರುವವರನ್ನೂ ಕರೆಸುತ್ತೇನೆ.